ಬಾಗಿಲಿಲ್ಲದ ಹೊನ್ನಿನ ಮನೆ

ಕಣಿ ಹೇಳುವವರು ಎಂದೂ ನೇರವಾಗಿ ಹೇಳುವುದಿಲ್ಲ. ನೇರವಾಗಿ ಹೇಳಿದರೆ ಯಾರೂ ಮೊರ ತುಂಬ ಅಕ್ಕಿ ಕೊಡುವುದಿಲ್ಲ. ಕಥೆ ಬರೆಯುವವರೂ ಈ ವಿದ್ಯೆಯನ್ನು ಕಲಿತುಕೊಂಡಿದ್ದಾರೆ. ಕಣಿಯನ್ನು ಮೊದಲನೆಯ ಭಾಗದಲ್ಲಿ ಇಡುತ್ತಾರೆ, ಅದರ ಅರ್ಥವನ್ನು ಕೊನೆಯ ಭಾಗದಲ್ಲಿ ಇಡುತ್ತಾರೆ. ನಡುವಿನ ಭಾಗಗಳನ್ನೆಲ್ಲ ಕೊಂಡುಕೊಂಡು ನಾವು ಹೊಡೆದಾಡಬೇಕು.

‘ಮಂಜುಗಿರಿಯ ರಾಜ್ಯ’ ಅಂಥ ಕಥೆ. ಮೈಸೂರಿನವರು ಯಾರೋ ಬರೆಯುತ್ತಿದ್ದರು. ಏಳು ಕೋಟೆ, ಕೋಟೆಗೊಂದು ಪುಸ್ತಕ. ಮಾತಾಡುವ ಕಲ್ಲು, ನೆರಳಿಲ್ಲದ ಮಂತ್ರವಾದಿ, ಗಾಳಿಯಲ್ಲಿ ತೇಲುವ ಊರು, ರಾಜ್ಯ ಕಳೆದುಕೊಂಡು ತಿರುಗುವ ರಾಜಕುಮಾರ, ಅವನದೊಂದು ಬಿಳಿ ಕುದುರೆ, ಏನು ಬೇಕಾದರೂ ಅದರಲ್ಲಿತ್ತು. ಕೊಳ್ಳೇಗಾಲ ನಮ್ಮ ರಾಜ್ಯಕ್ಕೆ ಸೇರಿದ ಮರುವರ್ಷದ ಹೊತ್ತಿಗೆ ಆರು ಭಾಗ ಬಂದಿದ್ದವು. ಏಳನೆಯದೇ ಕೊನೆಯದು ಎಂದು ಆರನೆಯದರ ಹಿಂದಿನ ರಟ್ಟಿನ ಮೇಲೆ ಅಚ್ಚಾಗಿತ್ತು.

ಪುಸ್ತಕ ತರುತ್ತಿದ್ದವರು ಚಾಮರಾಜನಗರದ ಹಿದಾಯತ್ ಉಲ್ಲಾ. ಓದುತ್ತಿದ್ದವನು ನಾನು. ಹಿದಾಯತ್ ಸಾಬರದು ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಶೆಡ್ಡು. ನೂಲು ಮಾರಲು ರೈಲಿನಲ್ಲಿ ಮೈಸೂರಿಗೆ ಹೋದಾಗ ಪುಸ್ತಕ ಹಿಡಿದು ಬರುತ್ತಿದ್ದರು. ಆದರೆ ಅವರು ಕಲಿತದ್ದು ಉರ್ದು. ಕನ್ನಡ ಮಾತಾಡುವುದರಲ್ಲಿ ನನಗಿಂತ ಜೋರು, ಅಕ್ಷರ ಮಾತ್ರ ಬಾರದು. ನಾನು ತೆರಕಣಾಂಬಿ ಪಕ್ಕದ ಹಳ್ಳಿಯವನು. ಒಂದಿಷ್ಟು ಹೊಲ, ಹಿಪ್ಪುನೇರಳೆ ತೋಟ, ಮನೆಯಲ್ಲಿ ರೇಷ್ಮೆ ಹುಳ. ಊರ ಶಾಲೆಯಲ್ಲಿ ಮೇಷ್ಟ್ರ ಬೆತ್ತಕ್ಕೆ ಹೆದರಿ ಕಲಿತ ಓದು, ಹೊಲದ ಆಚೆ ಬದಿಗೂ ಕೇಳುವ ಗಂಟಲು. ನನ್ನ ಪ್ರತಿ ಬೆಳೆಯ ಗೂಡೂ ಅವರಿಗೇ ಹೋಗುತ್ತಿತ್ತು. ಗೂಡು ತೂಗಿದ ಮೇಲೆ ಶೆಡ್ಡಿನ ನಡುವೆ ಮಣೆ ಹಾಕಿಸಿಕೊಂಡು ಕೂತು ಓದುತ್ತಿದ್ದೆ. ಕುದಿನೀರಿನ ಬಾಣಲೆಗಳ ಮುಂದೆ ಹೆಂಗಸರು ಗೂಡಿನಿಂದ ಎಳೆ ಎತ್ತಿ ಚರಕಕ್ಕೆ ಕೊಡುತ್ತ ಕೇಳುತ್ತಿದ್ದರು. ಮನೆಯ ಕಡೆಯ ಬಾಗಿಲಿಗೆ ಇಳಿಬಿಟ್ಟ ಪರದೆಯ ಹಿಂದೆ ಸಾಬರ ತಾಯಿ ಬೀಬಿಜಾನ್ ಅಡಕೆ ಕತ್ತರಿಸುತ್ತ ಕೇಳುತ್ತಿದ್ದರು. ಅಡಕತ್ತರಿಯ ಸದ್ದು ನಿಂತಿತೆಂದರೆ ಕಥೆ ಬಿಗಿಯಾಗಿದೆ ಎಂದು ನನಗೆ ತಿಳಿಯುತ್ತಿತ್ತು.

ಮೊದಲನೆಯ ಭಾಗದಲ್ಲಿ ರಾಣಿ ಗಂಡು ಮಗು ಹೆತ್ತಿದ್ದಾಳೆ. ಬೆಟ್ಟದಿಂದ ಒಬ್ಬ ಮುದುಕಿ ಇಳಿದು ಬರುತ್ತಾಳೆ. ರಾಣಿ ಮೊರದ ತುಂಬ ಅಕ್ಕಿ ಕೊಡುತ್ತಾಳೆ. ಮುದುಕಿ ಅಕ್ಕಿಯನ್ನು ಜೋಳಿಗೆಗೆ ಸುರಿದುಕೊಂಡು, ಮಗುವಿನ ಅಂಗೈ ಬಿಡಿಸಿ ನೋಡಿ ಹೀಗೆ ಕಣಿ ಹೇಳುತ್ತಾಳೆ:

ಕಟ್ಟಿದವನು ಇರುವುದಿಲ್ಲ, ಇರುವವನು ಕಟ್ಟಿಲ್ಲ.
ಬಾಗಿಲಿಲ್ಲದ ಹೊನ್ನಿನ ಮನೆಯಿಂದ ಬಿಳಿಯವನು ಬರುತ್ತಾನೆ.
ಬಂದ ದಿನ ಎಳೆ ಕಡಿಯುತ್ತದೆ,
ನಗುವವರು ಅಳುತ್ತಾರೆ, ಅಳುವವರು ನಗುತ್ತಾರೆ.

ಇಷ್ಟು ಹೇಳಿ, ಬರಿದಾದ ಮೊರವನ್ನು ಅಲ್ಲೇ ಬಿಟ್ಟು ಮುದುಕಿ ಹೊರಟುಹೋಗುತ್ತಾಳೆ.

ಇದನ್ನು ಮೊದಲ ಸಲ ಓದಿದಾಗ ಶೆಡ್ಡಿನಲ್ಲಿ ಚರಕಗಳು ನಿಂತವು. ನೂಲು ತೆಗೆಯುವವರಲ್ಲಿ ಹಿರಿಯಳಾದ ಮಾದಮ್ಮ ನಗತೊಡಗಿದಳು.

“ಇದ ಏನ್ ಮಾ ಕಣಿ ಅಂತ ಬರ್ದಾನಪ್ಪ. ಗೂಡಲ್ವ ಇದು? ಕಟ್ಟಿದ್ ಹುಳ ಇರಕಿಲ್ಲ, ಇರೋ ಚಿಟ್ಟ ಕಟ್ಟಿಲ್ಲ. ನಮ್ ಬಾಣ್ಲೀಲೆ ಬೇಯ್ತಾ ಅದ ನೋಡಿ, ಅವ್ನ ಕಣಿ.”

ಎಲ್ಲರೂ ಒಪ್ಪಿದರು. ಒಪ್ಪದೆ ಏನು? ರೇಷ್ಮೆ ಹುಳ ತನ್ನ ಸುತ್ತ ಒಂದೇ ಎಳೆಯಲ್ಲಿ ಗೂಡು ಕಟ್ಟಿಕೊಳ್ಳುತ್ತದೆ. ಮೈಸೂರು ತಳಿಯ ಗೂಡು ಹೊಂಬಣ್ಣದ್ದು. ಅದಕ್ಕೆ ಬಾಗಿಲಿಲ್ಲ. ಬಿಟ್ಟರೆ ಒಳಗಿನ ಹುಳ ಬಿಳಿ ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಬರುತ್ತದೆ. ತೂತು ಬಿದ್ದ ಗೂಡಿನ ಎಳೆ ತುಂಡು ತುಂಡು, ನೂಲಿಗೆ ಬರುವುದಿಲ್ಲ. ಅದಕ್ಕೇ ಚಿಟ್ಟೆ ಬರುವ ಮುಂಚೆ ಗೂಡನ್ನು ಬಿಸಿಲಿಗೋ ಹಬೆಗೋ ಇಟ್ಟು ಒಳಗಿನದನ್ನು ಸಾಯಿಸುತ್ತಾರೆ. ಚಾಮರಾಜನಗರದ ಯಾವ ಕೂಸನ್ನು ಕೇಳಿದರೂ ಇದನ್ನು ಹೇಳುತ್ತದೆ. ಹಾಗಾಗಿ ಕಣಿಯ ಅರ್ಥದಲ್ಲಿ ನಮಗೆ ಅನುಮಾನವೇ ಇರಲಿಲ್ಲ. ಜಗಳ ಬಂದದ್ದು ರಾಜಕುಮಾರ ಏನು ಮಾಡಬೇಕು ಎಂಬ ವಿಷಯದಲ್ಲಿ.

ಆರನೆಯ ಭಾಗದ ಕೊನೆಯಲ್ಲಿ ಮಂತ್ರವಾದಿ ರಾಜಕುಮಾರನನ್ನು ಹಿಡಿಯಲು ಕೋಟೆಯ ಬಾಗಿಲನ್ನೆಲ್ಲ ಹಾಕಿಸುತ್ತಾನೆ. ಮೂಲೆ ಮೂಲೆ ಹುಡುಕಿಸುತ್ತಾನೆ. ರಾಜಕುಮಾರ ಇಲ್ಲ. ಕುದುರೆಯೂ ಇಲ್ಲ. ಅಲ್ಲಿಗೆ ಪುಸ್ತಕ ಮುಗಿಯಿತು. ನಾನು ಪುಸ್ತಕ ಮಡಿಚಿದೆ.

“ಹೊನ್ನಿನ ಮನೆ ಸೇರ್ಕಂಡ,” ಎಂದರು ಹಿದಾಯತ್ ಸಾಬರು. “ಇನ್ನು ಅವನು ಹೊರಗೆ ಬರಬಾರದು ಮರಿಯಪ್ಪಣ್ಣ.”

“ಯಾಕ ಬರ್ಬಾರ್ದು?”

“ಬಂದರೆ ಎಳೆ ಕಡೀತದಲ್ಲ. ಎಳೆ ಅಂದ್ರೆ ಏನು? ರಾಜರ ವಂಶ. ಅಪ್ಪ, ತಾತ, ಮುತ್ತಾತ, ಅಷ್ಟುದ್ದದ ಎಳೆ. ಒಬ್ಬ ಹುಡುಗ ಒಳಗೇ ಪ್ರಾಣ ಬಿಡ್ತಾನೆ, ವಂಶದ ಹೆಸರು ಉಳೀತದೆ. ನಮ್ಮಮ್ಮ ಹೇಳೋ ದೊಡ್ಡ ಕತೆಗಳೆಲ್ಲ ಹಂಗೇ. ಒಬ್ಬ ಒಳ್ಳೆಯವನು ಸಾಯದೆ ಕತೆ ಮುಗಿಯಲ್ಲ.”

“ಅವ್ನೇ ಸತ್ ಮೇಲ ವಂಶ ಎಲ್ ಉಳ್ದದು ಸಾಬ್ರೆ? ಚಿಟ್ಟ ಈಚ್ಗ ಬಂದ್ರ ತಾನೆ ಮೊಟ್ಟ? ಮೊಟ್ಟ ಇದ್ರ ತಾನೆ ಮುಂದಿನ್ ಬೆಳ? ಎಳ ಅಂದ್ರ ಆ ಮಂತ್ರವಾದಿ ಕಟ್ಟಿರೋ ಕಟ್ಟು. ಅದು ಕಡೀಲೇಬೇಕು.”

“ಗೂಡು ತೂತಾದ್ರೆ ಏನಕ್ಕೆ ಬರ್ತದೆ ಹೇಳು. ತಿಪ್ಪೆಗೆ.”

“ನೀವು ಬರೀ ನೂಲ್ ಲೆಕ್ದಲ್ಲೆ ನೋಡ್ತೀರಿ.”

“ನೀನು ಬರೀ ಹುಳದ ಲೆಕ್ಕದಲ್ಲಿ ನೋಡ್ತೀಯ.”

ಇಷ್ಟಕ್ಕೇ ನಿಂತಿದ್ದರೆ ಚಹ ಕುಡಿದು ಏಳುತ್ತಿದ್ದೆವು. ಹೆಂಗಸರಲ್ಲಿ ಅರ್ಧ ಜನ ಅವರ ಕಡೆ, ಅರ್ಧ ಜನ ನನ್ನ ಕಡೆ ಆಗಿ ಗದ್ದಲವಾಯಿತು. ಗದ್ದಲದಲ್ಲಿ ಕೇಳಲಿ ಎಂದು ನಾನು ದನಿ ಏರಿಸಿದೆ.

“ನೂಲ್ ತಗಿಯೋರ್ಗ ಹೆಣ ಬೇಕು. ಅದ್ಕೇ ಆ ಹುಡುಗನ್ನ ಕೊಲ್ತಾ ಕುಂತಿದ್ದೀರಿ.”

ಸಾಬರು ಕೂತಲ್ಲಿಂದ ಎದ್ದರು. “ಕೊಲ್ಲೋಕೆ ತಂದು ಕೊಡೋನು ಯಾರಪ್ಪ? ಮಕ್ಕಳಿಗೆ ಅನ್ನ ಇಕ್ಕಿದಂಗೆ ಹೊತ್ತು ಹೊತ್ತಿಗೆ ಸೊಪ್ಪು ಇಕ್ಕಿ, ಬುಟ್ಟೀಲಿ ಹೊತ್ಕಂಡು ಬಂದು ನನ್ನ ಬಾಣಲೆಗೆ ಸುರಿಯೋನು ನೀನು. ಸುರಿದು ಕೈ ತೊಳ್ಕಂಡು ನನಗೇ ಧರ್ಮ ಹೇಳ್ತೀಯ.”

ಮಾತು ನಿಜ. ನಿಜವಾದ ಮಾತಿಗೆ ಬರುವಷ್ಟು ಸಿಟ್ಟು ಸುಳ್ಳು ಮಾತಿಗೆ ಬರುವುದಿಲ್ಲ. ನಾನು ಟವಲು ಕೊಡವಿಕೊಂಡೆ.

“ಏಳ್ನೆ ಭಾಗ ಬರ್ಲಿ. ರಾಜಕುಮಾರ ಈಚ್ಗ ಬಂದ್ರ ನೀವೇ ನಮ್ಮೂರ್ಗ ಬಂದು, ಮರಿಯಪ್ಪ ಗೆದ್ದ ಅನ್ಬೇಕು. ಅಲ್ಲಿಗಂಟ ನನ್ ಒಂದ್ ಗೂಡೂ ಈ ಶೆಡ್ ಮೆಟ್ಟಕಿಲ್ಲ.”

“ಬರದಿದ್ರೆ?”

“ಬತ್ತಾನ.”

ಪರದೆಯ ಹಿಂದೆ ಅಡಕತ್ತರಿ ಒಮ್ಮೆ ಸದ್ದು ಮಾಡಿತು. ನಾನು ಹೊರಟುಬಂದೆ.

ಆಮೇಲಿನ ಬೆಳೆ ನನ್ನ ಆಯುಸ್ಸಿನಲ್ಲೇ ಚೆನ್ನಾಗಿ ಬಂದ ಬೆಳೆ. ಹುಳಕ್ಕೆ ಒಂದು ರೋಗ ಬರಲಿಲ್ಲ. ಗೂಡು ಕಟ್ಟಲೆಂದು ಹುಳ ಬಿಡುವ ಬಿದಿರಿನ ತಟ್ಟೆ, ಚಂದ್ರಂಕಿ, ಮನೆ ಮುಂದೆ ಸಾಲಾಗಿ ನಿಂತು ಅಂಗಳವೆಲ್ಲ ಹಳದಿಯಾಗಿ ಕಾಣುತ್ತಿತ್ತು. ಈ ಬೆಳೆಯ ಮೇಲೆ ನನ್ನ ಹೆಂಡತಿ ಸೋಮಮ್ಮ ಹುಳದ ಮನೆಗೆ ಹೆಂಚು ಹೊದಿಸುವ ಲೆಕ್ಕ ಹಾಕಿದ್ದಳು. ಹುಲ್ಲು ಮಾಡು ಮಳೆಗಾಲದಲ್ಲಿ ತೊಟ್ಟಿಕ್ಕಿ, ಸೊಪ್ಪು ಒದ್ದೆಯಾಗಿ, ಹುಳ ಸಾಯುತ್ತಿದ್ದವು. ಸತ್ತ ಹುಳವನ್ನು ಬೆಳಗ್ಗೆ ಎದ್ದು ಬಾಚಿ ಹಾಕುತ್ತಿದ್ದವಳು ಅವಳು. ಗುಂಡ್ಲುಪೇಟೆಗೆ ಮಲೆಯಾಳದ ಕಡೆಯಿಂದ ಲಾರಿಯಲ್ಲಿ ಹೆಂಚು ಬರುತ್ತಿತ್ತು. ಅಂಗಡಿಯವನಿಗೆ ಹೇಳಿ ತೆಗೆದಿರಿಸಿಯೂ ಆಗಿತ್ತು. ಮಳೆ ಹಿಡಿಯುವುದರೊಳಗೆ ಗೂಡು ಮಾರಬೇಕು, ಹೆಂಚು ತರಬೇಕು.

ಗೂಡೋ, ಕಾಯುವ ವಸ್ತುವಲ್ಲ. ಬಿಡಿಸಿದ ಮೇಲೆ ಬೇಗ ಹೋಗಬೇಕು. ತಡ ಮಾಡಿದರೆ ಒಳಗಿನವನು ಹೊರಡುತ್ತಾನೆ.

ಕೊಳ್ಳೇಗಾಲದ ಕಡೆಯಿಂದ ಒಬ್ಬ ದಲ್ಲಾಳಿ ಬಂದ. ಬುಟ್ಟಿಯೊಳಗೆ ಕೈ ಹಾಕಿ, ಬದನೆಕಾಯಿ ಅಮುಕುವ ಹಾಗೆ ಗೂಡು ಅಮುಕಿ, ಮೂಗು ಮುರಿದು, ಭಿಕ್ಷೆ ಹಾಕುವ ಹಾಗೆ ಒಂದು ದರ ಹೇಳಿದ. ಚಪ್ಪಲಿ ಹುಡುಕಲೂ ಬಿಡದೆ ಅವನನ್ನು ಅಟ್ಟಿದೆ.

“ಬಂದೋನ್ನೂ ಓಡುಸ್ದೆ,” ಎಂದಳು ಸೋಮಮ್ಮ. “ಬಿಸ್ಲಿಗಾದ್ರೂ ಹಾಕು. ಒಳಗಿಂದು ಸತ್ರ ಗೂಡು ನಿಂತ್ಕತದ. ಆಮೇಲ ನಿಧಾನ್ವಾಗಿ ಮಾರ್ಕಳನ.”

“ಹಾಕಕಿಲ್ಲ.”

“ಯಾಕ?”

ಬಿಸಿಲು ಚೆನ್ನಾಗಿಯೇ ಇತ್ತು. ಆದರೆ ಕೊಲ್ಲುವವರು ನೀವು ಎಂದು ಅಷ್ಟು ಜನರ ಮುಂದೆ ಅಂದು ಬಂದವನು, ನನ್ನ ಅಂಗಳದಲ್ಲಿ ಚಾಪೆ ಹಾಸಿ ನಾನೇ ಕೊಂದರೆ ಆ ಸುದ್ದಿ ಮುಂದಿನ ಬಸ್ಸಿಗೇ ಚಾಮರಾಜನಗರಕ್ಕೆ ಹೋಗುತ್ತಿತ್ತು. ಇದನ್ನು ಹೆಂಡತಿಗೆ ಹೇಳಲಾಗುತ್ತದೆಯೇ? “ಸುಮ್ನಿರು,” ಎಂದೆ.

ಅವಳು ಹುಲ್ಲು ಮಾಡಿನ ಕಡೆ ಒಮ್ಮೆ ನೋಡಿ ಒಳಗೆ ಹೋದಳು. ಬೈದಿದ್ದರೆ ವಾಸಿಯಿತ್ತು.

ಮಾರನೆಯ ದಿನ ಸಂಜೆ ರಸ್ತೆಯ ಬದಿ ನಿಂತಿದ್ದೆ. ಗುಂಡ್ಲುಪೇಟೆಯ ಬಸ್ಸು ನಿಲ್ಲಿಸಿ ಕಂಡಕ್ಟರ್ ಮೂಗಯ್ಯ ತಲೆ ಹೊರಗೆ ಹಾಕಿದ.

“ಮರಿಯಪ್ಪಣ್ಣ, ನಿನ್ ಪುಸ್ತಕ ಬಂದದಂತಲ್ಲ.”

“ಯಾರ್ ಹೇಳುದ್ರು?”

“ಪ್ಯಾಟೆಲ್ಲ ಅದೇ ಮಾತು. ಹಿದಾಯತ್ ಸಾಬ್ರು ಮೈಸೂರಿಂದ ತಂದವ್ರ. ಯಾರೋ ಗುಮಾಸ್ತನ್ ಕೈಲಿ ಓದ್ಸಕ ಕೂರಿಸುದ್ರಂತ. ಅವ ಕೋರ್ಟ್ ಸಮನ್ಸ್ ಓದ್ದಂಗ ಓದ್ನಂತ. ಮಾದಮ್ಮ ಎದ್ದು, ಸ್ವಾಮಿ ನಿಮ್ ದಮ್ಮಯ್ಯ, ನಿಲ್ಸಿ ಅಂದ್ಲಂತ.”

“ಆಮೇಲ?”

“ಆಮೇಲೇನು, ಬಟ್ಟ ಸುತ್ತಿ ಎತ್ತಿ ಮಡುಗವ್ರ. ತೆರಕಣಾಂಬಿ ಕಡೆಯೋನು ಬರೋಗಂಟ ಯಾರೂ ಮುಟ್ಬಾರ್ದು ಅಂತ ಮುದ್ಕಮ್ಮನ ಅಪ್ಪಣೆಯಂತ.”

ಬಸ್ಸು ಹೊರಟಿತು. ನನಗೆ ಸಂತೋಷವಾಯಿತು. ಸಂತೋಷ ಆದದ್ದಕ್ಕೆ ಸಿಟ್ಟೂ ಬಂತು. ಪುಸ್ತಕ ಅಲ್ಲಿ, ಓದುವವನು ಇಲ್ಲಿ. ಗೂಡು ಇಲ್ಲಿ, ಬಾಣಲೆ ಅಲ್ಲಿ. ಯಾರು ಮೊದಲು ಬಸ್ಸು ಹತ್ತಬೇಕು ಎಂಬುದಷ್ಟೇ ಉಳಿದಿತ್ತು. ನಾನಂತೂ ಹತ್ತುವವನಲ್ಲ ಎಂದು ಸೋಮಮ್ಮನಿಗೆ ಹೇಳಿದೆ.

ಅವಳು ರಾಗಿ ಕೇರುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ಅದೆಂಥ ಕಣಿ ನೀವಿಬ್ರೂ ಹೊಡ್ದಾಡಿರದು? ಒಂದ್ಸಲ ಹೇಳು ಕೇಳ್ಮ.”

ಕಣಿ ನನಗೆ ಬಾಯಿಪಾಠ. ಹೇಳಿದೆ. ಮುದುಕಿ ಬಂದದ್ದು, ರಾಣಿ ಅಕ್ಕಿ ಕೊಟ್ಟದ್ದು, ಬರಿದಾದ ಮೊರವನ್ನು ಅಲ್ಲೇ ಬಿಟ್ಟು ಹೋದದ್ದು, ಎಲ್ಲ ಹೇಳಿದೆ.

ಅವಳ ಕೈ ಆಗ ನಿಂತಿತು. “ಬರೀ ಮೊರ ಬುಟ್ಟು ಓಗ್ಬುಟ್ಲಾ? ನಾಕ್ ಕಾಳೂ ಬುಡ್ಲಿಲ್ವ?”

“ಪುಸ್ತಕ್ದಲ್ಲಿ ಬರಿದಾದ ಮೊರ ಅಂತ್ಲೇ ಅದ.”

“ಅಂಗಾರ ಕಣಿ ಮುಗ್ದಿಲ್ಲ.”

“ಅಂದ್ರ?”

“ಅಯ್ಯೋ ನಿನ್ ಓದ್ಗ ಇಷ್ಟ್ ಬೆಂಕಿ ಬಿತ್ತು. ಮೊರದಲ್ಲಿ ಇಸ್ಕಂಡೋರು ನಾಕ್ ಕಾಳು ಉಳ್ಸಿ ಮೊರ ಕೊಡಕಿಲ್ವ? ಉಳುಸ್ನಿಲ್ಲ ಅಂದ್ರ ಕೊಡೋದ್ ತಗಳೋದ್ ಇನ್ನೂ ಬಾಕಿ ಅದ ಅಂತ. ಅವ್ಳು ತಿರ್ಗ ಬರ್ಬೇಕು. ಮಿಕ್ಕಿದ್ ಕಣಿ ಅವ್ಳ ಜೋಳ್ಗೇಲೆ ಅದ.” ಮತ್ತೆ ಕೇರತೊಡಗಿದಳು. “ಅರ್ಧ ಕಣಿ ಹಿಡ್ಕಂಡು ಪೂರಾ ಜಗಳ ಆಡವ್ರ ಇಬ್ರೂ. ಮೀಸ ಬ್ಯಾರೆ.”

ಆ ಸಾಲನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಮೊರ ಅದರಲ್ಲಿ ಇದೆ ಎಂಬುದನ್ನೇ ಕಂಡಿರಲಿಲ್ಲ. ಶೆಡ್ಡಿನ ಹೆಂಗಸರೂ ಕಂಡಿರಲಿಲ್ಲ, ಎಲ್ಲರಿಗೂ ಗೂಡೇ ಕಣ್ಣಿಗೆ ಕಟ್ಟಿತ್ತು. ಮುದುಕಿ ತಿರುಗಿ ಬರುತ್ತಾಳೆಂದರೆ ನಾನೂ ಸೋತಿಲ್ಲ, ಅವರೂ ಗೆದ್ದಿಲ್ಲ. ಹೋಗಿ ಓದಿ ನೋಡಬೇಕು, ಅಷ್ಟೆ.

“ನಾಳ ಬೆಳಗ್ಗೆ ಓಗಿ ಓದ್ಕಂಡ್ ಬತ್ತೀನಿ,” ಎಂದೆ. “ಬರೀ ಓದಕ ಓಗದು.”

“ಓದಕೇ ಓಗು. ಗೂಡೂ ಕತ ಕೇಳ್ಲಿ, ತಗಂಡ್ ಓಗು.”

ಬೆಳಗ್ಗೆ ಬಸ್ಸಿಗೆ ಬುಟ್ಟಿಗಳನ್ನು ಹೊತ್ತು ತಂದವಳು ಅವಳೇ. ಮೂಗಯ್ಯ ಟಾಪಿನ ಮೇಲೆ ಹಾಕಿಸಲು ಬಂದ. ನಾನು ಬಿಡಲಿಲ್ಲ.

“ಮೇಲ ಬಿಸ್ಲು. ಒಳಗಿಂದು ಸತ್ತೋಯ್ತದ.”

“ಸಾಯ್ಸಕ ತಾನೆ ಅಣ್ಣ ತಗಂಡ್ ಓಗದು?”

“ನೀನ್ ಟಿಕೇಟ್ ಹರಿ.”

ಬುಟ್ಟಿಗಳನ್ನು ಸೀಟಿನ ನಡುವಿನ ದಾರಿಯಲ್ಲಿ ಇಟ್ಟು, ಒಂದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಸಂತೆಗೆ ಹೊರಟ ಜನ ಬುಟ್ಟಿಗಳನ್ನು ದಾಟಿಕೊಂಡು ನನ್ನನ್ನು ಬೈದುಕೊಂಡು ಹತ್ತಿದರು. ಬಸ್ಸಿನ ಒಳಗೆ ಇಂಜಿನ್ನಿನ ಕಾವು. ಚಾಮರಾಜನಗರ ಇನ್ನೂ ಒಂದಿಷ್ಟು ದೂರ ಇರುವಾಗ ಮುಂದಿನ ಸೀಟಿನ ಹೆಂಗಸು ತನ್ನ ತೋಳು ನೋಡಿಕೊಂಡಳು.

“ಏನಪ್ಪ ಇದು, ನನ್ ಮ್ಯಾಲ?”

ಬಿಳಿ ಚಿಟ್ಟೆ. ರೇಷ್ಮೆ ಚಿಟ್ಟೆಗೆ ಹಾರಲು ಬಾರದು. ರೆಕ್ಕೆ ಬಡಿಯುತ್ತ ಅವಳ ರವಿಕೆಯ ಮೇಲೆ ನಡೆಯುತ್ತಿತ್ತು. ನಾನು ಬುಟ್ಟಿಯ ಬಟ್ಟೆ ನೋಡಿದೆ. ಬಟ್ಟೆಯ ಅಂಚಿನಿಂದ ಇನ್ನೊಂದು ತಲೆ ಹಾಕಿತ್ತು. ಬಟ್ಟೆ ಸರಿಸಿದೆ. ಅಲ್ಲೊಂದು ಇಲ್ಲೊಂದು ಗೂಡಿನ ತುದಿ ಒದ್ದೆಯಾಗಿ, ತೂತಾಗಿ, ಬಿಳಿಯವರು ಮೆಲ್ಲಗೆ ಹೊರಟು ಬರುತ್ತಿದ್ದರು. ಹೆಂಗಸಿನ ಪಕ್ಕದ ಮುದುಕ ತನ್ನ ಪೇಟದ ಮೇಲಿದ್ದದ್ದನ್ನು ಎರಡು ಬೆರಳಲ್ಲಿ ತೆಗೆದು ನನ್ನ ಕೈಗೆ ಕೊಟ್ಟ.

“ನಿನ್ನವ್ನೊಬ್ಬ ಟಿಕೇಟ್ ತಗಂಡಿಲ್ಲ ನೋಡು,” ಎಂದ. ಬಸ್ಸಿಗೆ ಬಸ್ಸೇ ನಕ್ಕಿತು.

ನನಗೆ ನಗು ಬರಲಿಲ್ಲ. ಕಣ್ಣೆದುರಿಗೆ ಹೆಂಚಿನ ಲಾರಿ ಖಾಲಿಯಾಗುತ್ತಿತ್ತು. ಒಂದು ಚಿಟ್ಟೆ ಬಂದರೆ ಒಂದು ಗೂಡು ಹೋಯಿತು. ಎಷ್ಟು ಹೋಗಿವೆ, ಇನ್ನೆಷ್ಟು ಹೋಗುತ್ತವೆ ಎಂದು ನೋಡುವ ಧೈರ್ಯವೂ ಇರಲಿಲ್ಲ. ಬಟ್ಟೆ ಮುಚ್ಚಿ, ಬುಟ್ಟಿಯನ್ನು ಅಪ್ಪಿ ಹಿಡಿದು ಕೂತೆ.

ಶೆಡ್ಡಿನ ಮುಂದೆ ಬುಟ್ಟಿ ಇಳಿಸಿದಾಗ ಹಿದಾಯತ್ ಸಾಬರು ಬಾಗಿಲಲ್ಲಿ ನಿಂತಿದ್ದರು. ಬಂದು ಬಟ್ಟೆ ಎತ್ತಿದರು. ಅವರ ಮಣಿಕಟ್ಟಿನ ಮೇಲೆ ಒಂದು ಚಿಟ್ಟೆ ಹತ್ತಿತು. ಆ ಕೈಯನ್ನು ನನ್ನ ಕಡೆ ಚಾಚಿದರು.

“ಬಂದ್ಬಿಟ್ನಲ್ಲ ನಿನ್ನ ಬಿಳಿಯೋನು,” ಎಂದರು.

“ಬಂದ.”

“ಎಳೆ ಕಡೀತಲ್ಲ.”

“ಕಡೀತು.”

ಒಳಗಿನಿಂದ ಮಾದಮ್ಮ ಕೂಗಿದಳು. “ಇನ್ನ ನಗೋರ್ಯಾರು ಅಳೋರ್ಯಾರು ನೋಡದು ಬಾಕಿ.”

ಮೊದಲು ನಕ್ಕವರು ಸಾಬರು. ಹೊಟ್ಟೆ ಹಿಡಿದುಕೊಂಡು, ಬಾಗಿಲ ಚೌಕಟ್ಟಿಗೆ ಒರಗಿ ನಕ್ಕರು. ಆಮೇಲೆ ನನಗೂ ತಡೆಯಲಾಗಲಿಲ್ಲ. ಆದರೆ ನಗು ಮುಗಿಯುವ ಮುಂಚೆಯೇ ಅವರು ಒಳಗೆ ತಿರುಗಿ ಕೈ ತಟ್ಟಿದರು.

“ಚರಕ ನಿಲ್ಲಿಸಿ. ಎಲ್ಲರೂ ಬನ್ನಿ. ತೂತು ಬಿದ್ದದ್ದು ಆ ಕಡೆ, ಗಟ್ಟಿ ಇರೋದು ಈ ಕಡೆ. ಮೊದಲು ಗೂಡು, ಆಮೇಲೆ ಪುಸ್ತಕ.”

ಬುಟ್ಟಿಗಳನ್ನು ಚಾಪೆಯ ಮೇಲೆ ಸುರಿದರು. ಅಷ್ಟು ಕೈ ಒಟ್ಟಿಗೆ ಓಡಿದವು. ನಾನೂ ಕೂತೆ, ಸಾಬರೂ ಕೂತರು. ಬೀಬಿಜಾನ್ ಪರದೆಯ ಸಂದಿಯಿಂದ ಒಂದು ಖಾಲಿ ತಟ್ಟೆ ನೂಕಿದರು, ಅದರಲ್ಲೂ ಗೂಡು ತುಂಬಿ ಒಳಗೆ ಕಳಿಸಿದೆವು. ಆರಿಸಿ ವಾಪಸು ಬಂತು. ಬಸ್ಸಿನಲ್ಲಿ ನನಗೆ ಕಂಡಷ್ಟು ಕೆಟ್ಟಿರಲಿಲ್ಲ. ತೂತು ಬಿದ್ದದ್ದು ಮೇಲಿನ ಪದರದಲ್ಲೇ ಹೆಚ್ಚು, ಅಡಿಯವು ಗಟ್ಟಿಯಾಗಿದ್ದವು. ಗಟ್ಟಿ ಗೂಡಿನ ಮೊದಲ ತಟ್ಟೆಯನ್ನು ಹಬೆಗೆ ಇಡುವಾಗ ಸಾಬರು ನನ್ನ ಮುಖ ನೋಡಿದರು. ಎರಡನೆಯ ತಟ್ಟೆಯನ್ನು ನಾನೇ ತುಂಬಿ ಅವರ ಕೈಗೆ ಕೊಟ್ಟೆ.

ಊಟವಾದ ಮೇಲೆ ಬಟ್ಟೆ ಬಿಚ್ಚಿ ಏಳನೆಯ ಭಾಗ ಕೈಗೆ ಕೊಟ್ಟರು. ಮಣೆ ಹಾಕಿದರು. ಓದುವ ಮುಂಚೆ ಸೋಮಮ್ಮನ ಮೊರದ ಮಾತು ಹೇಳಿದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ನಮ್ಗ ತಿಳೀಬೇಕಾಗಿತ್ತು ಕಣಮ್ಮಿ,” ಎಂದು ಮಾದಮ್ಮ ಪಕ್ಕದ ಹುಡುಗಿಗೆ ಅಂದಳು. “ಮುದ್ಕಿ ಬಂದೇ ಬತ್ತಾಳ ತಗ.”

ಓದಿದೆ. ಕೋಟೆಯೊಳಗಿನವರ ಉಪವಾಸ ಬಂತು, ಮಂತ್ರವಾದಿ ಹೆಬ್ಬಾಗಿಲಿಗೆ ಅಡ್ಡ ಕಟ್ಟಿದ ಮಾಯದ ದಾರ ಬಂತು. ಎಳೆ ಅಂದರೆ ಇದೇ ಎಂದು ನಾನು ಪುಸ್ತಕದಿಂದ ತಲೆ ಎತ್ತಿ ಸಾಬರನ್ನು ನೋಡಿದೆ. “ಮುಂದೆ ಓದು,” ಎಂದರು. ಅಡಕತ್ತರಿ ನಿಂತಿತ್ತು. ಹೊನ್ನಿನ ಮನೆ ಬಂತು.

ಅದು ಹುಲ್ಲಿನ ಬಣವೆ.

ನಾನು ಆ ಸಾಲನ್ನು ಎರಡು ಸಲ ಓದಿದೆ. ಕೋಟೆಯ ಹಿಂದೆ ಒಬ್ಬ ರೈತ ಒಟ್ಟಿ ಸತ್ತುಹೋಗಿದ್ದ ಬಂಗಾರದ ಬಣ್ಣದ ಬಣವೆ. ಅದರ ಒಳಗೆ ಬಿಳಿ ಕುದುರೆಯನ್ನು ಬಚ್ಚಿಟ್ಟಿದ್ದರು. ಕುದುರೆ ಹೊರಕ್ಕೆ ನೆಗೆದು ಬಂದು, ಹೆಬ್ಬಾಗಿಲಿನ ದಾರವನ್ನು ಎದೆಯಿಂದ ಕಡಿಯಿತು, ಮಂತ್ರವಾದಿ ಸತ್ತ. ರಾಜಕುಮಾರ ಅಷ್ಟು ಹೊತ್ತೂ ಹೊಳೆಯಾಚೆ ಒಬ್ಬ ಅಂಬಿಗನ ಮನೆಯಲ್ಲಿದ್ದ. ಬೆಟ್ಟದ ಮುದುಕಿ ಬರಲೇ ಇಲ್ಲ. ಮದುವೆಯಾಯಿತು, ಶುಭಂ.

ಪುಸ್ತಕ ಮಡಿಚಿ ಮಣೆಯ ಮೇಲಿಟ್ಟು ಎದ್ದೆ.

“ಕುದ್ರ ಬಣವ ಒಳಗಿದ್ರ ಬಣವ ಉಳ್ದಾದಾ?” ಎಂದಳು ಮಾದಮ್ಮ. “ತಿಂದ್ ಹಾಕಿರದು.”

“ಅವ ಬಣವ ನೋಡಿರದು ರೈಲ್ ಕಿಟ್ಕೀಲಿ,” ಎಂದೆ ನಾನು. “ಹುಲ್ಲೊಳ್ಗ ಕುದ್ರ ಮಡುಗ್ತಾನಂತ. ಉಸ್ರು ಎಲ್ಲಿಂದ ಬಂದದು ಅದ್ಕ?”

ಸಾಬರು ಗಡ್ಡ ನೀವಿಕೊಂಡರು. “ಕಟ್ಟಿದೋನು ರೈತ, ಅವನಿಲ್ಲ. ಇದ್ದದ್ದು ಕುದುರೆ, ಅದು ಕಟ್ಟಿಲ್ಲ. ಬಣವೆಗೆ ಬಾಗಿಲಿಲ್ಲ. ಲೆಕ್ಕ ಸರಿಯಾಗೇ ಇದೆ ಮರಿಯಪ್ಪಣ್ಣ.”

“ಲೆಕ್ಕ ಸರಿ ಇದ್ರ ಕತ ಸರಿ ಇದ್ದದಾ ಸಾಬ್ರೆ?”

“ಅದೂ ನಿಜ,” ಎಂದರು. “ಇದಕ್ಕಾ ನಾನು ನಿನ್ನ ಜೊತೆ ಮಾತು ಬಿಟ್ಟಿದ್ದು?”

ಪರದೆಯ ಹಿಂದಿನಿಂದ ಬೀಬಿಜಾನ್ ತಮ್ಮ ಮಾತಿನಲ್ಲಿ ಏನೋ ಹೇಳಿದರು. ಸಾಬರು ಹೆಂಗಸರಿಗೆ ಕನ್ನಡದಲ್ಲಿ ತಿಳಿಸಿದರು. “ಅಮ್ಮ ಅಂತಾರೆ, ಕಣಿ ಹೇಳಿದೋಳು ಸರಿಯಾಗೇ ಹೇಳಿದಾಳೆ. ಬರೆದೋನಿಗೆ ಅರ್ಥ ಆಗಿಲ್ಲ.”

ಇದಕ್ಕಿಂತ ಸರಿಯಾದ ತೀರ್ಪನ್ನು ನಾನು ಯಾವ ಪಂಚಾಯಿತಿಯಲ್ಲೂ ಕೇಳಿಲ್ಲ. ಎಲ್ಲರೂ ತಲೆಯಾಡಿಸಿದರು. ಮೊರದ ಮಾತು ಹೇಳಿದ ಹೆಂಗಸನ್ನು ಮುಂದಿನ ಸಲ ಕರೆದುಕೊಂಡು ಬರಬೇಕೆಂದೂ ಅಪ್ಪಣೆಯಾಯಿತು.

ಅಷ್ಟರಲ್ಲಿ ಚಾಪೆಯ ಆ ಕಡೆ ಚಿಟ್ಟೆಗಳು ಗಂಡು ಹೆಣ್ಣು ಕೂಡಿಕೊಂಡಿದ್ದವು. ಒಳ್ಳೆ ಬೆಳೆಯ ಚಿಟ್ಟೆ, ಬಿಸಾಡಲು ಮನಸ್ಸು ಬರಲಿಲ್ಲ. ಮನೆಯಲ್ಲೇ ಬಿತ್ತನೆ ಮಾಡಬೇಡಿ, ಪರೀಕ್ಷೆ ಮಾಡಿದ ಮೊಟ್ಟೆಯನ್ನೇ ಕೊಳ್ಳಿ ಎಂದು ರೇಷ್ಮೆ ಇಲಾಖೆಯವರು ಹೇಳುತ್ತಾರೆ. ಅವರು ಹೇಳುವುದು ಸರಿಯೇ. ಆದರೂ ಮೊಟ್ಟೆ ಇಡಲು ಒಂದು ದಪ್ಪ ಕಾಗದ ಕೊಡಿ ಎಂದು ಕೇಳಿದೆ. ಸಾಬರು ಅತ್ತಿತ್ತ ಹುಡುಕಿ, ಕೊನೆಗೆ ಮಣೆಯ ಮೇಲಿದ್ದ ಏಳನೆಯ ಭಾಗವನ್ನು ನನ್ನ ಮುಂದೆ ಬಿಡಿಸಿ ಇಟ್ಟರು.

“ಇದರ ಮೇಲೆ ಬಿಡು. ಬೇರೆ ಯಾವುದಕ್ಕೂ ಬರಲ್ಲ ಇದು.”

ಹೆಣ್ಣು ಚಿಟ್ಟೆಗಳನ್ನು ಕೊನೆಯ ಅಧ್ಯಾಯದ ಮೇಲೆ ಬಿಟ್ಟು, ಬುಟ್ಟಿಯಲ್ಲಿಟ್ಟು ಊರಿಗೆ ತಂದೆ. ಸೋಮಮ್ಮ ಮೊದಲು ಕೇಳಿದ್ದು ಗೂಡಿನ ವಿಷಯವಲ್ಲ.

“ಮುದ್ಕಿ ತಿರ್ಗ ಬಂದ್ಲಾ?”

“ಬರ್ನಿಲ್ಲ.”

“ಅಂಗಾರ ಮುಗ್ದಿಲ್ಲ ಬುಡು ಕತ.”

ಆಮೇಲೆ ಗೂಡಿನ ವಿಷಯ ಹೇಳಿದೆ. ತೂತು ಬಿದ್ದದ್ದು ಬಿದ್ದಿತ್ತು. ಗುಂಡ್ಲುಪೇಟೆಯಿಂದ ಹೆಂಚು ತಂದೆವು, ಹುಳದ ಮನೆಯ ಒಂದು ಮಗ್ಗುಲಿಗೆ ಮಾತ್ರ ಸಾಕಾಯಿತು. ಆ ಮಳೆಗಾಲದಲ್ಲಿ ಒಂದು ಕಡೆ ಹೆಂಚು, ಒಂದು ಕಡೆ ಹುಲ್ಲು. ದಾರಿಯಲ್ಲಿ ಹೋಗುವವರು, ಇದೇನು ಮರಿಯಪ್ಪ, ಮನೆಗೆ ಅರ್ಧ ಕ್ಷೌರ ಮಾಡಿಸಿದ್ದೀಯ ಎಂದು ಕೇಳುತ್ತಿದ್ದರು. ಸೋಮಮ್ಮ ಹುಳದ ತಟ್ಟೆಗಳನ್ನೆಲ್ಲ ಹೆಂಚಿನ ಅಡಿಗೆ ಸರಿಸಿ, ನನ್ನ ಚಾಪೆಯನ್ನು ಹುಲ್ಲಿನ ಅಡಿಗೆ ಹಾಕಿದಳು. ತೊಟ್ಟಿಕ್ಕಿದರೆ ತೊಟ್ಟಿಕ್ಕಲಿ, ನೀನು ಆಡಿದ ಮಾತಿಗೆ ಇದೇ ಬೆಲೆ ಎಂದಳು. ನಾನು ಎರಡು ಮಾತು ತಿರುಗಿ ಅಂದೆ. ಆದರೆ ಅಲ್ಲೇ ಮಲಗಿದೆ, ನಿದ್ದೆಯೂ ಚೆನ್ನಾಗಿ ಬಂತು.

ಕೊನೆಯ ಅಧ್ಯಾಯದ ಮೇಲಿನ ಮೊಟ್ಟೆ ಒಡೆದವು. ಬಣವೆಯ ಪುಟದಲ್ಲಿ ಇರುವೆ ಗಾತ್ರದ ಕರಿ ಹುಳ ಹರಿದಾಡುತ್ತಿದ್ದವು. ಅವುಗಳ ಗೂಡಿನಿಂದ ಇನ್ನೊಂದು ಮಗ್ಗುಲಿಗೂ ಹೆಂಚು ಬಂತು. ಆ ಗೂಡನ್ನು ಹಾಕಲು ಹೋದಾಗ ಸೋಮಮ್ಮನೂ ಬಂದಿದ್ದಳು. ಪರದೆಯ ಒಳಗೆ ಹೋಗಿ ಕೂತವಳು ಸಂಜೆ ಬಸ್ಸಿಗೆ ಕರೆದರೂ ಏಳಲೊಲ್ಲಳು. ಬೀಬಿಜಾನ್ ಅವಳಿಗೆ ಅರೆಬರೆ ಕನ್ನಡದಲ್ಲಿ ಯಾವುದೋ ಒಂದು ದೊಡ್ಡ ಕಥೆ ಶುರುಮಾಡಿದ್ದರು. ಅದರಲ್ಲೂ ಒಂದು ಕಣಿ ಇತ್ತಂತೆ.

ಮೊದಲ ಆರು ಭಾಗ ಹಿದಾಯತ್ ಸಾಬರ ಮನೆಯಲ್ಲಿವೆ. ಏಳನೆಯದು ನಮ್ಮಲ್ಲಿದೆ. ಅದರ ಕೊನೆಯ ಪುಟಗಳ ತುಂಬ ಮೊಟ್ಟೆಯ ಚಿಪ್ಪಿನ ಗುರುತು, ಅಕ್ಷರ ಕಾಣುವುದಿಲ್ಲ. ನಷ್ಟವೇನೂ ಇಲ್ಲ. ರಾಜಕುಮಾರ ಒಳಗೇ ಸಾಯಬೇಕಿತ್ತು ಎಂದು ಸಾಬರು ಈಗಲೂ ಅನ್ನುತ್ತಾರೆ. ಅವರಿಗೆ ತಿಳಿಯುವುದಿಲ್ಲ. ಮುಂದಿನ ವಾರ ಗೂಡು ಹಾಕಲು ಹೋದಾಗ ಇನ್ನೊಂದು ಸಲ ಹೇಳುತ್ತೇನೆ.